ಕತ್ತು ಮುಂದೆ ಹೋಯಿತೆಂದರೆ ಅಕ್ಷರ ಚಿಕ್ಕದಾಯಿತು

ಕೆಲವು ವರ್ಷಗಳ ಹಿಂದೆ ಕತ್ತುನೋವು ತಡೆಯಲಾರದೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿದ್ದೆ. ಎರಡು ಮಾತು ಕೇಳಿಕೊಂಡ ಅವರು, “ನೀವು ಕೆಲಸ ಮಾಡುವಾಗ ಪಕ್ಕದಿಂದ ಒಂದು ಫೋಟೋ ತೆಗೆಸಿಕೊಂಡು ಬನ್ನಿ ಸಾರ್” ಎಂದರು. ಮಗಳು ನನಗೆ ಗೊತ್ತಾಗದ ಹಾಗೆ ತೆಗೆದಳು. ಊಟದ ಮೇಜು, ಪ್ಲಾಸ್ಟಿಕ್ ಕುರ್ಚಿ, ಲ್ಯಾಪ್‌ಟಾಪ್. ಅದರೆದುರು ಚಿಪ್ಪಿನಿಂದ ತಲೆ ಚಾಚಿದ ಆಮೆಯ ಹಾಗೆ ನಾನು. ಪರದೆಯ ಮೇಲಿದ್ದದ್ದು ಒಂದು ಸಹಕಾರ ಸಂಘದ ಕನ್ನಡ ಜಾಲತಾಣ. ಇಂಗ್ಲಿಷಿಗೆಂದು ಮಾಡಿದ್ದ ವಿನ್ಯಾಸಕ್ಕೇ ಕನ್ನಡ ತುಂಬಿದ್ದೆ, ಅಕ್ಷರದ ಅಳತೆ 13 ಪಿಕ್ಸೆಲ್. ಫೋಟೋ ನೋಡಿ ಅವರು ನಕ್ಕರು: “ಮಾಡಿದವರೇ ಹೀಗೆ ಬಗ್ಗಿ ಓದ್ತಿದ್ದೀರಿ, ಸಂಘದ ಸದಸ್ಯರ ಗತಿ ಏನು?”

ಅಂದಿನಿಂದ ನನ್ನ ಕತ್ತೇ ನನ್ನ ಅಳತೆಗೋಲು. ಬೆನ್ನು ಕುರ್ಚಿಗೆ ಒರಗಿಸಿ, ಕೈ ಚಾಚಿದರೆ ಬೆರಳು ಪರದೆಗೆ ತಾಗುವಷ್ಟು ದೂರದಲ್ಲಿ ಕೂತು ಪುಟ ಓದುತ್ತೇನೆ. ತಲೆ ತಾನಾಗಿ ಮುಂದೆ ಹೋಯಿತೋ, ತಪ್ಪು ಪುಟದ್ದು.

ಬ್ರೌಸರ್‌ಗಳು ಸಾಮಾನ್ಯವಾಗಿ ಇಟ್ಟುಕೊಂಡಿರುವ ಅಳತೆ 16 ಪಿಕ್ಸೆಲ್. ಕನ್ನಡಕ್ಕೆ ನಾನು 18ರಿಂದ ಶುರು ಮಾಡುತ್ತೇನೆ. ಕಾರಣ ನಮ್ಮ ಅಕ್ಷರಗಳಲ್ಲೇ ಇದೆ. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ, ಇವುಗಳ ನಡುವಿನ ವ್ಯತ್ಯಾಸ ಬುಡದಲ್ಲಿರುವ ಒಂದು ಸಣ್ಣ ಗೀರು ಮಾತ್ರ. ಅಳತೆ ಚಿಕ್ಕದಾಗಿ, ಮೇಲೆ ದಪ್ಪಕ್ಷರವೂ ಆದರೆ ಆ ಗೀರು ಮುಚ್ಚಿಹೋಗುತ್ತದೆ. ಹಸು ಸಾಲ ಕೊಡುವ ಸಂಘದ ಪುಟದಲ್ಲಿ ದನವೂ ಧನವೂ ಒಂದೇ ಥರ ಕಂಡರೆ ಹೇಗೆ?

ಅಳತೆಗಿಂತ ಹೆಚ್ಚು ಕಾಟ ಕೊಡುವುದು ಸಾಲುಗಳ ನಡುವಿನ ಜಾಗ. ಇಂಗ್ಲಿಷ್ ಸಾಲಿನಿಂದ ಕೆಳಗಿಳಿಯುವುದು ಬೆರಳೆಣಿಕೆಯ ಅಕ್ಷರಗಳು, ಅವೂ ಒಂದಿಷ್ಟೇ. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ‘ಸ್ವಾತಂತ್ರ್ಯ’, ‘ರಾಷ್ಟ್ರೀಯ’ದಂಥ ಪದಗಳಲ್ಲಿ ಒಂದೇ ಅಕ್ಷರಕ್ಕೆ ಎರಡೆರಡು ಒತ್ತು. ಸಾಲು ಬಿಗಿಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ವೆಬ್ ಸುಲಭಲಭ್ಯತೆಯ, ಅಂದರೆ ಜಾಲತಾಣ ಎಲ್ಲರಿಗೂ ಬಳಸಲು ಬರುವಂತಿರಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿ, ಓದುಗ ಸಾಲಿನ ಎತ್ತರವನ್ನು ಅಕ್ಷರದ ಒಂದೂವರೆ ಪಟ್ಟಿಗೆ ಏರಿಸಿಕೊಂಡರೂ ಪುಟ ಕೆಡಬಾರದು ಎನ್ನುತ್ತದೆ. ಕನ್ನಡಕ್ಕೆ ನಾನು ಮೊದಲಿಗೇ 1.7 ಅಥವಾ 1.8 ಇಡುತ್ತೇನೆ. ಶೀರ್ಷಿಕೆಗೂ 1.4ಕ್ಕಿಂತ ಇಳಿಸುವುದಿಲ್ಲ. ಬಟನ್‌ಗಳಿಗೆ ಎತ್ತರ ಕಟ್ಟುನಿಟ್ಟಾಗಿ ಇಷ್ಟೇ ಎಂದು ಕೊಡಬೇಡಿ, ಕನಿಷ್ಠ ಎತ್ತರ ಕೊಟ್ಟು ಬಿಟ್ಟುಬಿಡಿ. ಇಲ್ಲದಿದ್ದರೆ ಒತ್ತುಗಳ ಕಾಲು ಕತ್ತರಿಸಿಹೋದ ‘ಅರ್ಜಿ ಸಲ್ಲಿಸಿ’ ಸಿಗುತ್ತದೆ. ಲಿಂಕಿನ ಅಡಿಗೆರೆಯನ್ನೂ ತುಸು ಕೆಳಗೆ ತಳ್ಳಿ, ಅದು ಒತ್ತುಗಳ ನಡುವೆ ಹಾದುಹೋದರೆ ಅಕ್ಷರ ಹೊಡೆದುಹಾಕಿದ ಹಾಗೆ ಕಾಣುತ್ತದೆ.

ಇಟಾಲಿಕ್ ಮರೆತುಬಿಡಿ. ಕನ್ನಡಕ್ಕೆ ಅದು ಹುಟ್ಟಿನಿಂದ ಬಂದದ್ದಲ್ಲ, ಹೆಚ್ಚಿನ ಫಾಂಟುಗಳಲ್ಲಿ ಬ್ರೌಸರ್ ಅಕ್ಷರವನ್ನು ಸುಮ್ಮನೆ ವಾಲಿಸುತ್ತದೆ. ದೊಡ್ಡಕ್ಷರ, ಚಿಕ್ಕಕ್ಷರದ ಭೇದವೂ ನಮಗಿಲ್ಲ. ಒತ್ತಿ ಹೇಳಬೇಕಾದ್ದನ್ನು ಅಳತೆ, ದಪ್ಪ, ಬಣ್ಣಗಳಲ್ಲೇ ಹೇಳಬೇಕು. ಬಣ್ಣವೆಂದರೆ ಬಿಳಿಯ ಮೇಲೆ ತಿಳಿಬೂದು ಅಲ್ಲ. ಸಾಮಾನ್ಯ ಅಳತೆಯ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ಅನುಪಾತ ಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಬಿಸಿಲಲ್ಲಿ ನಿಂತು ಮೊಬೈಲ್ ನೋಡುವವರಿಗೆ ಅದೂ ಸಾಲದು.

ಇನ್ನೊಂದು ಗುಂಡಿ ಇದೆ, ನಾನೂ ಬಿದ್ದಿದ್ದೇನೆ. ಕಣ್ಣಿಗೆ ‘ಸ್ತ್ರೀ’ ಒಂದೇ ಅಕ್ಷರ. ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರ್ ಬಳಸುವ ಸಂಕೇತಪಟ್ಟಿ ಯೂನಿಕೋಡ್, ಅದರ ಲೆಕ್ಕದಲ್ಲಿ ಆರು ಸಂಕೇತ; ಆ ಸಂಕೇತಗಳನ್ನು ಬೈಟುಗಳಾಗಿಸುವ ಯುಟಿಎಫ್-8 ವಿಧಾನದಲ್ಲಿ ಉಳಿಸಿದರೆ 18 ಬೈಟ್. ಹೆಸರಿನ ಖಾನೆಗೆ 10ರ ಮಿತಿ ಹಾಕಿದರೆ ಲಕ್ಷ್ಮೀನಾರಾಯಣ ಅವರು ‘ಲಕ್ಷ್ಮೀನಾರ’ ಆಗಿಬಿಡುತ್ತಾರೆ, ಏಕೆಂದರೆ ಆ ಆರಕ್ಷರದ ಹೆಸರಿಗೆ 13 ಸಂಕೇತ ಬೇಕು. ಸುದ್ದಿಯ ಶೀರ್ಷಿಕೆಯನ್ನು ಇಷ್ಟಕ್ಕೇ ಕತ್ತರಿಸು ಎಂದು ಕೋಡ್ ಬರೆದಾಗಲೂ ಹೀಗೆಯೇ, ಒತ್ತಕ್ಷರದ ನಡುವೆಯೇ ಕತ್ತರಿ ಬೀಳುತ್ತದೆ. ಕತ್ತರಿಸಲೇಬೇಕಿದ್ದರೆ ಪದ ಮುಗಿದಲ್ಲಿ ಕತ್ತರಿಸಿ. ಹಳೆಯ ನುಡಿ ಫಾಂಟಿನಲ್ಲಿ (ಅದರ ಸಂಕೇತಗಳೇ ಬೇರೆ) ಬಂದ ವರ್ಡ್ ಫೈಲನ್ನು ಯೂನಿಕೋಡಿಗೆ ಬದಲಿಸದೆ ಪುಟಕ್ಕೆ ಅಂಟಿಸಬೇಡಿ ಎಂಬುದನ್ನು ಈಗಲೂ ಹೇಳಬೇಕಾಗಿದೆ. ಬದಲಿಸಿದ ಮೇಲೆ ಅರ್ಕಾವತ್ತುಗಳನ್ನು ಕಣ್ಣಾರೆ ನೋಡಿ.

ಇನ್ನು ಮೇಜಿಗೆ ಬರೋಣ. ಲ್ಯಾಪ್‌ಟಾಪಿನ ಮೂಲ ದೋಷ, ಪರದೆ ಮತ್ತು ಕೀಲಿಮಣೆ ಒಂದಕ್ಕೊಂದು ಅಂಟಿಕೊಂಡಿರುವುದು. ಪರದೆ ಕಣ್ಣಿನ ಮಟ್ಟಕ್ಕೆ ಬಂದರೆ ಕೈ ಗಾಳಿಯಲ್ಲಿ, ಕೈಗೆ ಸರಿಹೋದರೆ ಕತ್ತು ಪಾತಾಳಕ್ಕೆ. ಬೇರೆ ಕೀಲಿಮಣೆ, ಬೇರೆ ಮೌಸ್ ಕೊಳ್ಳುವುದೇ ಮದ್ದು. ಅಷ್ಟು ಖರ್ಚು ಮಾಡಿದ ಮೇಲೆ ಲ್ಯಾಪ್‌ಟಾಪ್ ಎತ್ತರಿಸಲು ಸ್ಟ್ಯಾಂಡ್ ಬೇಕಾಗಲಿಲ್ಲ, ಅಟ್ಟದಲ್ಲಿದ್ದ ಹಳೆಯ ದೀಪಾವಳಿ ವಿಶೇಷಾಂಕಗಳ ಕಟ್ಟು ಸಾಕಾಯಿತು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಲಿ ಎನ್ನುತ್ತಾರೆ. ನನ್ನ ಹಾಗೆ ಬೈಫೋಕಲ್ ಹಾಕುವವರು ಅದನ್ನು ಇನ್ನೂ ಸ್ವಲ್ಪ ಇಳಿಸಿಕೊಳ್ಳಬೇಕು. ಇಲ್ಲದಿದ್ದರೆ ಕನ್ನಡಕದ ಕೆಳಭಾಗದಿಂದ ನೋಡಲು ಗಲ್ಲ ಮೇಲೆತ್ತುತ್ತೇವೆ, ನೋವು ಕತ್ತಿನ ಹಿಂಭಾಗಕ್ಕೆ ಹೋಗುತ್ತದೆ, ಅಷ್ಟೇ. ಮೊಣಕೈ ಸುಮಾರು ಲಂಬಕೋನದಲ್ಲಿ ಮಡಿಸಿರುವಷ್ಟು ಕುರ್ಚಿ ಏರಿಸಿದೆ, ಪಾದ ನೆಲ ಬಿಟ್ಟಿತು. ಅಮ್ಮನ ಊಟದ ಮಣೆ ಈಗ ನನ್ನ ಕಾಲಡಿಯಲ್ಲಿದೆ. ಅವರಿಗೆ ಅದು ಸರಿಬಂದಿಲ್ಲ.

ಕಿಟಕಿ ಬೆನ್ನ ಹಿಂದೆ ಬೇಡ, ಪರದೆಯ ಹಿಂದೆಯೂ ಬೇಡ, ಮಗ್ಗುಲಿಗಿರಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿ ಎಂಬ ಕಣ್ಣಿನ ವೈದ್ಯರ ಸೂತ್ರಕ್ಕೆ ನನಗೆ ಎದುರುಮನೆಯ ತೆಂಗಿನಮರವಿದೆ. ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದೇ ಕಡಿಮೆ, ಕಣ್ಣು ಒಣಗುವುದು ಅದಕ್ಕೇ. ಅಲಾರಂ ಇಟ್ಟರೆ ಮೂರನೇ ದಿನ ಆರಿಸಿಬಿಡುತ್ತೇವೆ. ಹಾಗಾಗಿ ಬ್ರೌಸರಿನಲ್ಲಿ ಪುಟ ಸೇವ್ ಮಾಡಿ ಮತ್ತೆ ತೆರೆಯುವ ಹೊತ್ತಿಗೆ ಮರ ನೋಡುವ ಅಭ್ಯಾಸ ಮಾಡಿಕೊಂಡೆ. ನೀರಿನ ಬಾಟಲಿಯನ್ನು ಬೇಕೆಂದೇ ಅಡುಗೆಮನೆಯಲ್ಲಿಡುತ್ತೇನೆ.

ಮೊನ್ನೆ ಗ್ರಾಹಕರೊಬ್ಬರು, “ಅಕ್ಷರ ಇನ್ನೂ ಸಣ್ಣ ಮಾಡಿ, ಎಲ್ಲಾ ಒಂದೇ ಪರದೇಲಿ ಬರಲಿ” ಎಂದರು. ವಾದ ಮಾಡಲಿಲ್ಲ. ಎರಡೂ ಮಾದರಿಗಳನ್ನು ಅವರ ಮೊಬೈಲಿಗೆ ಕಳಿಸಿ, ಚಾಳೀಸು ತೆಗೆದಿಟ್ಟು ಓದಿ ಎಂದೆ. ಸಣ್ಣಕ್ಷರದ ಮಾದರಿ ತೆರೆದು ಫೋನನ್ನು ಒಮ್ಮೆ ದೂರ ಹಿಡಿದರು, ಒಮ್ಮೆ ಹತ್ತಿರ. ಆಮೇಲೆ ಕನ್ನಡಕಕ್ಕೆ ಕೈ ಚಾಚಿ, ಅರ್ಧಕ್ಕೆ ನಿಲ್ಲಿಸಿ, “ಹದಿನೆಂಟೇ ಇರಲಿ ಬಿಡಿ” ಎಂದರು.