ಕೆಳಗೆ ಗ್ರಿಲ್ಲು, ಮೇಲೆ ಬಟಾಬಯಲು

ಮನೆ ಕಟ್ಟುವ ರೀತಿ ಬದಲಾದಾಗಲೆಲ್ಲ ಕಳ್ಳರೂ ದಾರಿ ಬದಲಿಸಿದ್ದಾರೆ. ಮಣ್ಣಿನ ಗೋಡೆಯ ಕಾಲಕ್ಕೆ ಕನ್ನ ಕೊರೆದರೆ ಕೆಲಸ ಮುಗಿಯುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಹೆಂಚಿನ ಮನೆಗಳು ಹೆಚ್ಚಿದ ಮೇಲೆ ನಾಲ್ಕು ಹೆಂಚು ಸರಿಸಿ ಒಳಗಿಳಿಯುವವರೂ ಹುಟ್ಟಿಕೊಂಡರು. ಕರಾವಳಿಯ ಪತ್ರಿಕೆಗಳಲ್ಲಿ ಆ ಸುದ್ದಿ ಈಗಲೂ ಬರುತ್ತದೆ. ಆರ್‌ಸಿಸಿ, ಅಂದರೆ ಕಬ್ಬಿಣ ಕಟ್ಟಿದ ಕಾಂಕ್ರೀಟು, ಬಂದು ಆ ಎರಡೂ ದಾರಿ ಮುಚ್ಚಿದಾಗ ಉಳಿದದ್ದು ಬಾಗಿಲು ಮತ್ತು ಕಿಟಕಿ.

ನಾವು ಮಾಡಿದ್ದೇನು? ನೆಲಮಹಡಿಗೆ ದಪ್ಪ ಗ್ರಿಲ್ ಹಾಕಿಸಿ, 'ಅಷ್ಟೆತ್ತರಕ್ಕೆ ಯಾರು ಹತ್ತುತ್ತಾರೆ' ಎಂದು ಮೇಲಿನದನ್ನು ಹಾಗೇ ಬಿಟ್ಟೆವು. ಆ ಗ್ರಿಲ್ಲಿನ ಅಡ್ಡಪಟ್ಟಿಗಳೇ ಕಾಲಿಡಲು ಮೆಟ್ಟಿಲು. ಅಲ್ಲಿಂದ ಸಜ್ಜಾ, ಸಜ್ಜಾದಿಂದ ಮಳೆನೀರಿನ ಪೈಪು, ಪಕ್ಕದಲ್ಲೇ ಎಸಿಯ ಕಬ್ಬಿಣದ ಸ್ಟ್ಯಾಂಡು. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಇಷ್ಟೂ ಬೇಡ. ಸೆಟ್‌ಬ್ಯಾಕ್, ಅಂದರೆ ಸುತ್ತ ಖಾಲಿ ಜಾಗ, ಬಿಡದೆ ಕಟ್ಟಿದ ಮನೆಗಳ ನಡುವೆ ತಾರಸಿಯಿಂದ ತಾರಸಿಗೆ ದಾಟಿದರೆ ಸಾಕು. ಮೊದಲು ಮರದ ಕಿಟಕಿಗೆ ಚೌಕಟ್ಟಿನಲ್ಲೇ ಕಬ್ಬಿಣದ ಸರಳು ಕೂರಿಸುತ್ತಿದ್ದರು. ಈಗಿನ ಸ್ಲೈಡಿಂಗ್ ಕಿಟಕಿಯಲ್ಲಿ ಸರಳಿಲ್ಲ, ಚಿಲಕವೂ ಬೆರಳುದ್ದ.

ಹೀಗೆ ಹತ್ತಿ ಒಳಹೊಗುವುದು ಕಾನೂನಿಗೆ ಹಳೆಯ ಸಂಗತಿ. 1860ರ ಭಾರತೀಯ ದಂಡ ಸಂಹಿತೆಯ (ಐಪಿಸಿ) 445ನೇ ಕಲಂ ಕನ್ನಗಳವಿನ ಆರು ಬಗೆ ಹೇಳಿತ್ತು. ಗೋಡೆಯನ್ನೋ ಕಟ್ಟಡವನ್ನೋ ಹತ್ತಿ ತಲುಪಿದ ದಾರಿಯಿಂದ ಒಳಹೊಗುವುದೂ ಅದರಲ್ಲಿತ್ತು. ಕೊಟ್ಟ ಉದಾಹರಣೆಗಳೂ ಸ್ವಾರಸ್ಯಕರ: ಕಿಟಕಿಯಿಂದ ಮನೆ ಹೊಕ್ಕರೂ ಕನ್ನವೇ, ಹಡಗಿನ ಕಿಂಡಿಯಲ್ಲಿ ತೂರಿದರೂ ಕನ್ನವೇ. 'ಕಿಟಕಿ ತೆರೆದೇ ಇತ್ತು, ನಾನೇನೂ ಒಡೆಯಲಿಲ್ಲ' ಎಂಬ ವಾದ ಆಗಲೇ ಬಿದ್ದುಹೋಗಿತ್ತು. ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 330 ಮತ್ತು 331ನೇ ಕಲಂಗಳಲ್ಲೂ ಇದೇ ಮುಂದುವರಿದಿದೆ. ಕದಿಯುವ ಉದ್ದೇಶದಿಂದ ಹಗಲು ನುಗ್ಗಿದರೆ ಗರಿಷ್ಠ 10 ವರ್ಷ, ಸೂರ್ಯ ಮುಳುಗಿ ಹುಟ್ಟುವುದರೊಳಗಾದರೆ 14 ವರ್ಷ ಜೈಲು.

ಅಪಾರ್ಟ್‌ಮೆಂಟುಗಳದ್ದು ಬೇರೆಯೇ ರಗಳೆ. ಹೊರನೋಟ ಕೆಡುತ್ತದೆಂದು ಬಾಲ್ಕನಿಗೆ ಗ್ರಿಲ್ ಹಾಕಲು ಬಿಡದ ಸಂಘಗಳಿವೆ. ಗೇಟಿನಲ್ಲಿ ಸೆಕ್ಯೂರಿಟಿ ಇದ್ದಾನಲ್ಲ ಎನ್ನುತ್ತಾರೆ, ಅವನು ನೋಡುವುದು ಗೇಟನ್ನು ಮಾತ್ರ! ಹಾಗೆಂದು ಎಲ್ಲ ಕಿಟಕಿಗೂ ಗ್ರಿಲ್ ಬೆಸುಗೆ ಹಾಕಿಸುವುದೂ ನನಗೆ ಒಪ್ಪಿಗೆಯಿಲ್ಲ. ಬೆಂಕಿ ಬಿದ್ದ ದಿನ ಒಳಗಿದ್ದವರಿಗೇ ಅದು ಪಂಜರ. ಪ್ರತಿ ಮಹಡಿಯಲ್ಲೂ ಒಂದು ಗ್ರಿಲ್ಲಿಗಾದರೂ ಕೀಲು ಕೂರಿಸಿ, ಒಳಗಿನಿಂದ ಬೀಗ ಹಾಕುವಂತೆ ಮಾಡಿಸಬೇಕು. ಬೀಗದ ಕೈ ಹೊರಗಿನಿಂದ ಕೈಚಾಚಿದರೆ ಸಿಗಬಾರದು. ಕತ್ತಲಲ್ಲೂ ಅದೆಲ್ಲಿದೆ ಎಂದು ಮನೆಯವರಿಗೆಲ್ಲ ಗೊತ್ತಿರಬೇಕು.