ಮೆಣಸಿನಕಾಯಿ ದೂಳಿನಲ್ಲಿ ಬಳಲಿದ ಫ್ಯಾನ್

ಬ್ಯಾಡಗಿಯಲ್ಲಿ ನನ್ನ ಸೋದರಮಾವನ ದಲಾಲಿ ಅಂಗಡಿಯಿದೆ. ಮಾರ್ಚ್ ತಿಂಗಳಲ್ಲಿ ಒಮ್ಮೆ ಫೋನ್ ಮಾಡಿದರು: “ಬಿಲ್ ಹಾಕುವ ಕಂಪ್ಯೂಟರ್ ಮುಂಜಾನೆ ಚೆನ್ನಾಗಿರುತ್ತದೆ, ಹೊತ್ತೇರಿದಂತೆ ತೆವಳುತ್ತದೆ. ವೈರಸ್ ಇರಬೇಕು. ಹೊಸದನ್ನೇ ತರಲೇನು ಅಳಿಯಾ?” ಮುಂಜಾನೆ ಸರಿ, ಬಿಸಿಲೇರಿದರೆ ನಿಧಾನ ಎಂಬ ಮಾತಿನಲ್ಲೇ ರೋಗದ ಸುಳಿವಿತ್ತು. ಹೊಸದು ಬೇಡ, ನಾನು ಬರುತ್ತೇನೆ ಎಂದೆ.

ಪ್ಲಗ್ ಕಿತ್ತು, ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದೊಡನೆ ಸೀನು ಬಂತು. ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವ ಚಿಪ್ಪು, ಅಂದರೆ ಪ್ರೊಸೆಸರ್ ಮೇಲಿನ ಅಲ್ಯೂಮಿನಿಯಂ ಪಟ್ಟಿಗಳ ಸಂದಿಗಳಲ್ಲಿ ಮೆಣಸಿನಕಾಯಿಯ ಕೆಂಪು ದೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಳ್ಳಿದರೆ ಅರ್ಧ ಸುತ್ತಿಗೇ ನಿಂತುಬಿಟ್ಟಿತು. ಒಳ್ಳೆಯ ಫ್ಯಾನ್ ಹಾಗೆ ತಳ್ಳಿದಾಗ ಹಲವು ಸುತ್ತು ಹಗುರವಾಗಿ ತಿರುಗುತ್ತದೆ.

ಆ ಪ್ರೊಸೆಸರ್ ದುಡಿಯುವಾಗ ಸುಮಾರು 65 ವ್ಯಾಟ್ ಶಾಖ ಹೊರಬರುತ್ತದೆ. ಇಸ್ತ್ರಿಪೆಟ್ಟಿಗೆಯ 1000 ವ್ಯಾಟ್ ಮುಂದೆ ಇದು ಅಲ್ಪವೆನಿಸಬಹುದು. ಆದರೆ ಇಸ್ತ್ರಿಪೆಟ್ಟಿಗೆಯ ಶಾಖ ಅಂಗೈಗಿಂತ ಅಗಲವಾದ ತಳದಲ್ಲಿ ಹರಡಿರುತ್ತದೆ. ಚಿಪ್ಪಿನದು ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ. ಚದರ ಸೆಂಟಿಮೀಟರಿನ ಲೆಕ್ಕ ಹಿಡಿದರೆ ಚಿಪ್ಪೇ ಹಲವು ಪಟ್ಟು ಮೇಲು. ಅಷ್ಟು ಶಾಖವನ್ನು ಲೋಹದ ಪಟ್ಟಿಗಳು ಹೀರಿ ಹರಡುತ್ತವೆ. ಗಾಳಿ ನಿಂತಿದ್ದರೆ ಶಾಖ ಅಲ್ಲಿಂದ ಸುಲಭವಾಗಿ ಮುಂದೆ ಸಾಗುವುದಿಲ್ಲ, ಏಕೆಂದರೆ ಪಟ್ಟಿಗೆ ಅಂಟಿಕೊಂಡ ತೆಳು ಗಾಳಿಪದರವೇ ಹೊದಿಕೆಯಾಗುತ್ತದೆ. ಫ್ಯಾನ್ ತಂಪನ್ನು ಹುಟ್ಟಿಸುವುದಿಲ್ಲ. ಆ ಪದರವನ್ನು ತೆಳುವಾಗಿಸಿ, ಬಿಸಿಯಾದ ಗಾಳಿಯನ್ನು ತಳ್ಳಿ, ಅದರ ಜಾಗಕ್ಕೆ ಕೋಣೆಯ ಗಾಳಿಯನ್ನು ತರುತ್ತದೆ. ಕೋಣೆಯೇ 37 ಡಿಗ್ರಿ ಕಾದಿದ್ದರೆ ಚಿಪ್ಪು ಅದಕ್ಕಿಂತ ತಣ್ಣಗಾಗುವ ಮಾತೇ ಇಲ್ಲ. 100 ಡಿಗ್ರಿಯ ಆಸುಪಾಸಿಗೆ ಬಂದಾಗ ಪ್ರೊಸೆಸರ್ ಸುಟ್ಟುಹೋಗದಿರಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮಾವ ಕಂಡ ಮಧ್ಯಾಹ್ನದ ತೆವಳಿಕೆ ಅದೇ.

ಫ್ಯಾನಿನಲ್ಲಿ ಕೆಡುವುದು ಸಾಮಾನ್ಯವಾಗಿ ಮೋಟಾರಲ್ಲ, ಬೇರಿಂಗ್. ಅಗ್ಗದ ಫ್ಯಾನುಗಳಲ್ಲಿ ಎಣ್ಣೆ ಹೀರಿಕೊಂಡ ಲೋಹದ ಪುಟ್ಟ ಕೊಳವೆಯೊಳಗೆ ಅಚ್ಚು ತಿರುಗುತ್ತದೆ. ಶಾಖಕ್ಕೆ ಎಣ್ಣೆ ಆರಿ, ದೂಳು ಸೇರಿದರೆ ಗರಗರ ಸದ್ದು ಶುರು. ಆ ಸದ್ದು ಕೇಳಿದಾಗಲೇ ಬದಲಿಸುವುದು ಲೇಸು. ಹೊಸದನ್ನು ಅದೇ ಅಳತೆಯದು, ಅದೇ ನಾಲ್ಕು ಪಿನ್ನಿನದು ನೋಡಿ ತಂದೆ. ಆ ನಾಲ್ಕರಲ್ಲಿ ಒಂದು ತಂತಿ ನನಗೆ ಬಹಳ ಇಷ್ಟ: ರೆಕ್ಕೆ ಒಂದು ಸುತ್ತು ತಿರುಗಿದರೆ ಅದು ಎರಡು ಬಾರಿ ಮಿಡಿಯುತ್ತದೆ. ಕಂಪ್ಯೂಟರಿನ ಮುಖ್ಯ ಫಲಕವಾದ ಮದರ್‌ಬೋರ್ಡ್ ಆ ಮಿಡಿತಗಳನ್ನು ಎಣಿಸಿ ವೇಗ ತಿಳಿಯುತ್ತದೆ, ನಾಡಿ ಹಿಡಿದ ವೈದ್ಯರಂತೆ.

ಪಟ್ಟಿಗಳನ್ನು ಬಿಡಿಸಿ ದೂಳು ತೆಗೆದೆ. ಚಿಪ್ಪಿನಿಂದ ಪಟ್ಟಿಗಳಿಗೆ ಶಾಖ ದಾಟಿಸಲು ತಳದಲ್ಲಿ ಬಳಿದಿದ್ದ ಹಳೆಯ ಪೇಸ್ಟ್ ಸುಣ್ಣದಂತೆ ಒಣಗಿತ್ತು. ಸ್ಪಿರಿಟ್ಟಿನಲ್ಲಿ ಒರೆಸಿ, ತೊಗರಿಕಾಳಿನಷ್ಟು ಹೊಸ ಪೇಸ್ಟ್ ಇಟ್ಟೆ. ನುಣುಪಾಗಿ ಕಾಣುವ ಲೋಹದಲ್ಲೂ ಸೂಕ್ಷ್ಮ ತಗ್ಗುಗಳಿರುತ್ತವೆ; ಅಲ್ಲಿ ಕೂರುವ ಗಾಳಿಯನ್ನು ಪೇಸ್ಟ್ ಹೊರಹಾಕುತ್ತದೆ. ಹೆಚ್ಚು ಬಳಿದರೆ ಅದೇ ಅಡ್ಡಿ. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿದೆ.

ಚಾಲೂ ಮಾಡಿ ಅರ್ಧ ಗಂಟೆ ಬಿಲ್ ಹಾಕಿಸಿದೆವು. ಚಿಪ್ಪಿನ ಬಿಸಿ 62 ಡಿಗ್ರಿ ದಾಟಲಿಲ್ಲ. ಹೊರಡುವ ಮುನ್ನ ಪೆಟ್ಟಿಗೆಯನ್ನು ನೆಲದಿಂದ ಎತ್ತಿ ಮೇಜಿನ ಮೇಲಿಟ್ಟೆ. ದಿನಾ ಕಸ ಗುಡಿಸುವಾಗ ಏಳುವ ಕೆಂಪು ದೂಳೆಲ್ಲ ಅದರ ಬಾಯಿಗೇ ಹೋಗುತ್ತಿತ್ತು.