ಓದುಗರ ಪ್ರಶ್ನೆ: ಮಳೆ-ಮೋಡದಲ್ಲಿ ಸ್ಕಾಟ್ಲೆಂಡ್‌ನ ದೂರದ ಬೆಟ್ಟಕ್ಕೆ ಒಬ್ಬನೇ ಹೋಗಬಹುದೇ?

ಪ್ರಶ್ನೆ: ಎಡಿನ್‌ಬರೋದಲ್ಲಿ ಓದುತ್ತಿದ್ದೇನೆ. ಊರಲ್ಲಿದ್ದಾಗ ಕುಮಾರಪರ್ವತ, ಕುದುರೆಮುಖ ಹತ್ತಿದ ಅಭ್ಯಾಸವಿದೆ. ವಾಯವ್ಯ ಹೈಲ್ಯಾಂಡ್ಸ್‌ನ ‘ಆ ವೈಚನ್’ (A' Mhaighdean) ಎಂಬ ಬೆಟ್ಟಕ್ಕೆ ಒಬ್ಬನೇ ಹೋಗಬೇಕೆಂದಿದ್ದೇನೆ. ರಜೆಯ ಎರಡೂ ದಿನ ಮಳೆ, ಮೋಡ ಎನ್ನುತ್ತಿದೆ ಮುನ್ಸೂಚನೆ. ಹೋಗಲೇ, ಬಿಡಲೇ?

ಉತ್ತರ: ಅದು ನೀವು ಹಿಡಿಯುವ ದಾರಿಯ ಮೇಲಿದೆ. ಶೆನವಾಲ್ ಎಂಬ ತಂಗುಮನೆಯ ಕಡೆಯಿಂದಾದರೆ ಬಿಡಿ. ಪೂಲ್ಯೂ ಎಂಬ ಕರಾವಳಿಯ ಹಳ್ಳಿಯ ಕಡೆಯಿಂದಾದರೆ, ಗಾಳಿ ಮಿತಿಯಲ್ಲಿದ್ದು, ಮೋಡದೊಳಗೆ ದಿಕ್ಸೂಚಿ ನಂಬಿ ನಡೆಯುವ ರೂಢಿ ನಿಮಗಿದ್ದರೆ, ಹೋಗಬಹುದು. ಇಂಥ ಬೆಟ್ಟಗಳಲ್ಲಿ ಕೆಟ್ಟ ಹವೆಯ ದಿನ ತುದಿಗಿಂತ ಹೆಚ್ಚು ಕಾಡುವುದು ಬುಡದ ಹೊಳೆ.

967 ಮೀಟರ್ ಎಂದರೆ ಬೆಂಗಳೂರಿಗಿಂತ ಹೆಚ್ಚೇನೂ ಎತ್ತರವಲ್ಲ, ನಿಜ. ಆದರೆ ಇಲ್ಲಿ ಹತ್ತುವುದು ಸಮುದ್ರಮಟ್ಟದಿಂದ. 3000 ಅಡಿ ದಾಟಿದ ಸ್ಕಾಟ್ಲೆಂಡ್‌ನ 282 ಮನ್ರೋಗಳಲ್ಲಿ ರಸ್ತೆಯಿಂದ ಅತಿ ದೂರದ್ದು ಇದು ಎಂದೇ ಹೆಸರು. ಪೂಲ್ಯೂನಿಂದ ಹೋಗಿ ಬರಲು ಸುಮಾರು 40 ಕಿ.ಮೀ. ಸ್ಕಾಟಿಷ್ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಈಗಲೂ ಚಾಲ್ತಿಯಲ್ಲಿದೆ: 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 100 ಮೀಟರ್ ಏರಿಗೆ ಇನ್ನೂ 10 ನಿಮಿಷ. ಸುತ್ತುಬಳಸು ಸೇರಿ 1200 ಮೀಟರ್ ಏರು ಎಂದಿಟ್ಟುಕೊಂಡರೆ 10 ಗಂಟೆ ನಡಿಗೆಯಾಯಿತು. ಊಟ, ಕೆಸರು, ಎದುರುಗಾಳಿಗೆ ಕಾಲು ಭಾಗ ಸೇರಿಸಿ. ಡಿಸೆಂಬರ್‌ನಲ್ಲಿ ಅಲ್ಲಿ ಬೆಳಕಿರುವುದೇ ಆರೂವರೆ ಗಂಟೆ. ಬೆಟ್ಟದ ಬುಡದ ಕಾರ್ನ್‌ಮೋರ್ ಹತ್ತಿರ ಟೆಂಟ್ ಹಾಕಿ ಎರಡು ದಿನದಲ್ಲಿ ಮುಗಿಸುವುದು ಜಾಣತನ.

ಈಗ ಹೊಳೆಯ ವಿಷಯ. ಡಂಡೊನೆಲ್ ಬಳಿಯ ಕೋರಿ ಹ್ಯಾಲಿಯಿಂದ ಶೆನವಾಲ್ ಬೋಥಿಗೆ ಸುಮಾರು 7 ಕಿ.ಮೀ. ಬೋಥಿ ಎಂದರೆ ಬೀಗವಿಲ್ಲದ, ಕರೆಂಟಿಲ್ಲದ, ಬಾಡಿಗೆಯಿಲ್ಲದ ಕಲ್ಲುಮನೆ. ಅದರಾಚೆ ಒಂದು ಹೊಳೆ, ಜೌಗು ಬಯಲು, ಮತ್ತೊಂದು ಹೊಳೆ. ಎರಡಕ್ಕೂ ಸೇತುವೆಯಿಲ್ಲ. ಬೆಳಿಗ್ಗೆ ಮೀನಖಂಡದವರೆಗಿದ್ದ ನೀರು ಮಧ್ಯಾಹ್ನದ ಮಳೆಗೆ ಸೊಂಟಕ್ಕೆ ಬರಬಹುದು, ಏಕೆಂದರೆ ಆ ಬೋಳು ಇಳಿಜಾರುಗಳ ತೊಯ್ದ ಪೀಟ್ ಮಣ್ಣು (ಅರೆಕೊಳೆತ ಸಸ್ಯಗಳ ಕಪ್ಪು ಮಣ್ಣು) ಇನ್ನು ನೀರು ಹೀರುವ ಸ್ಥಿತಿಯಲ್ಲಿರುವುದಿಲ್ಲ. ಮೋಸ ಆಗುವುದು ಹಿಂದಿರುಗುವಾಗ: ಬೆನ್ನ ಹಿಂದೆ ಬೆಟ್ಟ, ಮುಂದೆ ಪ್ರವಾಹ, ಆಚೆ ದಡದಲ್ಲಿ ನಿಮ್ಮ ಒಣಬಟ್ಟೆ.

ದಾಟುವ ಮೊದಲು ನೀರಂಚಿಗೆ ಸರಿಯಾಗಿ ಒಂದು ಕಲ್ಲಿಟ್ಟು ಹತ್ತು ನಿಮಿಷ ನೋಡಿ. ಕಲ್ಲು ಮುಳುಗಿತೋ, ಹೊಳೆ ಏರುತ್ತಿದೆ. ಬಣ್ಣ ನೋಡಿ ತೀರ್ಮಾನಿಸಲು ಹೋಗಬೇಡಿ, ಪೀಟ್‌ನಿಂದಾಗಿ ಅಲ್ಲಿನ ನೀರು ಸದಾ ಡಿಕಾಕ್ಷನ್ ಬಣ್ಣದ್ದೇ. ತಳದಲ್ಲಿ ಕಲ್ಲುಗಳು ಉರುಳುವ ಸದ್ದು ಕೇಳಿದರೆ ಅಲ್ಲಿಗೆ ಬಿಡಿ. ದಾಟುವುದಾದರೆ ಹೊಳೆ ಅಗಲವಾಗಿ ಹರಡಿದ ಜಾಗ ಹುಡುಕಿ. ಕಿರಿದಾದ ಕಡೆ ಆಳ ಹೆಚ್ಚು. ಬೂಟು ತೆಗೆಯಬೇಡಿ. ಬ್ಯಾಗಿನ ಸೊಂಟದ ಪಟ್ಟಿ, ಎದೆಯ ಪಟ್ಟಿ ಬಿಚ್ಚಿ, ಬಿದ್ದರೆ ಕಳಚಿಕೊಳ್ಳುವಂತಿರಲಿ. ಹರಿವಿಗೆ ಮುಖ ಮಾಡಿ, ಕೋಲೂರಿ, ಅಡ್ಡಡ್ಡ ಹೆಜ್ಜೆ ಹಾಕಿ. ಒಬ್ಬರೇ ಇದ್ದಾಗ ಮಂಡಿಯೇ ಗಡಿ. ಏರಿದಷ್ಟೇ ಬೇಗ ಇಳಿಯುವ ಹೊಳೆಗಳಿವು, ಮಳೆ ನಿಂತ ಕೆಲವೇ ಗಂಟೆಗಳಲ್ಲಿ ದಾರಿ ಬಿಟ್ಟುಕೊಡಬಹುದು. ಕಾಯಲು ಒಂದು ರಾತ್ರಿಯ ಊಟ ಹೆಚ್ಚುವರಿಯಾಗಿ ಇರಲೇಬೇಕು.

ಪೂಲ್ಯೂ ದಾರಿಯಲ್ಲಿ ಸಣ್ಣ ತೊರೆಗಳು ಉಬ್ಬಬಹುದಾದರೂ ಇಷ್ಟು ಗೋಳಿಲ್ಲ. ಕರ್ನ್‌ಸರಿ ದಾಟಿ, ಫಿಯೋನ್ ಲಾಖ್ ಮತ್ತು ಡೂ ಲಾಖ್ ಸರೋವರಗಳ ನಡುವಿನ ಕಲ್ಲಿನ ಏರಿಯ ಮೇಲೆ ಕಾರ್ನ್‌ಮೋರ್ ತಲುಪಿದರೆ, ಅಲ್ಲಿಂದ ಹಳೆಯ ಬೇಟೆದಾರಿಯೊಂದು ಆ ವೈಚನ್ ಮತ್ತು ಪಕ್ಕದ ರೂವ ಸ್ಟಾಕ್ ಮೋರ್ ನಡುವಿನ ತಗ್ಗಿಗೆ ಏರುತ್ತದೆ. ಅಲ್ಲಿಯವರೆಗೆ ಮೋಡವಿದ್ದರೂ ದಾರಿ ತಪ್ಪುವುದು ಕಷ್ಟ. ಕಷ್ಟವಿರುವುದು ತುದಿಯಲ್ಲಿ. ಪಶ್ಚಿಮಕ್ಕೆ ಕಡಿದಾದ ಬಂಡೆ, ಆಗ್ನೇಯಕ್ಕೆ ಸೌಮ್ಯ ಹುಲ್ಲಿಳಿಜಾರು. ಏನೂ ಕಾಣದಾಗ ಕಾಲು ತಾನಾಗಿ ಸುಲಭದ ಕಡೆ ಹೊರಳುತ್ತದೆ. ಹಾಗೆ ಇಳಿದವರು ಲೋಖನ್ ಫಾಡ ಸರೋವರದ ಕಡೆ, ಅಂದರೆ ಟೆಂಟ್‌ಗೆ ತದ್ವಿರುದ್ಧ ದಿಕ್ಕಿನಲ್ಲಿ ತೇಲುತ್ತಾರೆ. ಬಂದ ತಗ್ಗಿಗೆ ಮರಳಲು ನೀವು ಹಿಡಿಯಬೇಕಾದದ್ದು ಈಶಾನ್ಯ. ಆ ದಿಕ್ಕಿನ ಕೋನವನ್ನು ಟೆಂಟಿನೊಳಗೇ ನಕ್ಷೆಯ ಮೇಲೆ ಅಳೆದು ಬರೆದುಕೊಳ್ಳಿ. ತುದಿಯ ಗಾಳಿಯಲ್ಲಿ ಮರಗಟ್ಟಿದ ಬೆರಳಿಂದ ಅಳೆದರೆ ತಪ್ಪುವುದು ಖಚಿತ. ಸ್ಕಾಟ್ಲೆಂಡ್‌ನಲ್ಲಿ ನಕ್ಷೆಯ ಉತ್ತರಕ್ಕೂ ದಿಕ್ಸೂಚಿಯ ಸೂಜಿ ತೋರುವ ಉತ್ತರಕ್ಕೂ ಈಗ ವ್ಯತ್ಯಾಸ ತೀರಾ ಕಡಿಮೆ. ಹಳೆಯ ನಕ್ಷೆಯ ಅಂಚಿನಲ್ಲಿ ಅಚ್ಚಾದ ನಾಲ್ಕೈದು ಡಿಗ್ರಿ ಕೂಡಿಸಲು ಹೋಗಬೇಡಿ. ಎದೆಯ ಜೇಬಿನಲ್ಲಿ ಫೋನಿದ್ದರೆ ಸೂಜಿ ಓರೆಯಾಗುತ್ತದೆ, ಅದು ಬ್ಯಾಗಿಗೆ ಹೋಗಲಿ. ದೂರಕ್ಕೆ ಹೆಜ್ಜೆ ಎಣಿಸಿ: ಸಮತಟ್ಟಿನಲ್ಲಿ 100 ಮೀಟರಿಗೆ ಎಡಗಾಲು ಸುಮಾರು 60–65 ಸಲ ಊರುತ್ತದೆ. ನಿಮ್ಮ ಎಣಿಕೆ ಎಷ್ಟೆಂದು ಊರಿನ ಪಾರ್ಕಿನಲ್ಲೇ ನೋಡಿಕೊಳ್ಳಿ. ಒದ್ದೆ ಕೈಗೆ ಟಚ್‌ಸ್ಕ್ರೀನ್ ಸ್ಪಂದಿಸದು. ಕಾಗದದ ನಕ್ಷೆ ಬೇಕೇ ಬೇಕು. ಬ್ರಿಟನ್ನಿನ ಸರ್ವೆ ಸಂಸ್ಥೆ ಆರ್ಡ್‌ನನ್ಸ್ ಸರ್ವೆಯ (ಓಎಸ್) ಎಕ್ಸ್‌ಪ್ಲೋರರ್ 435 ನಕ್ಷೆ ತನ್ನಿ.

ಬೆಟ್ಟಗಳ ಹವಾಮಾನ ತಿಳಿಸುವ ಎಂಡಬ್ಲ್ಯುಐಎಸ್ (ಮೌಂಟನ್ ವೆದರ್ ಇನ್ಫರ್ಮೇಷನ್ ಸರ್ವೀಸ್) ಮುನ್ಸೂಚನೆಯಲ್ಲಿ ಮಳೆಗಿಂತ ಮೊದಲು ಗಾಳಿ ನೋಡಿ. ಗಂಟೆಗೆ 30 ಮೈಲಿ ದಾಟಿದರೆ ನಡಿಗೆ ತೊಡಕು. 40 ಎಂದಿದ್ದರೆ ಹೋಗಬೇಡಿ, ಆ ವೇಗದಲ್ಲಿ ಒಬ್ಬರೇ ತೂರಾಡುತ್ತಾ ದಿಕ್ಕು ಹಿಡಿಯುವುದು ಆಗದ ಮಾತು. ಬುಡದಲ್ಲಿ 10 ಡಿಗ್ರಿ ಇದ್ದರೆ ತುದಿಯಲ್ಲಿ 4 ಅಷ್ಟೇ, ಮೇಲೆ ಗಾಳಿ. ಕೈಗವಸು ಮೂರು ಜೊತೆ, ಪ್ಲಾಸ್ಟಿಕ್ ಚೀಲದಲ್ಲಿ ಒಣ ಉಣ್ಣೆಯಂಗಿ, ಹೆಡ್‌ಟಾರ್ಚ್ ಎರಡು, ಕಿತ್ತಳೆ ಬಣ್ಣದ ಸರ್ವೈವಲ್ ಬ್ಯಾಗ್ (ಆಪತ್ತಿನಲ್ಲಿ ಒಳಗೆ ತೂರಿಕೊಳ್ಳುವ ದೊಡ್ಡ ಚೀಲ), ಸೀಟಿ ಜೊತೆಗಿರಲಿ.

ಫೋನ್ ಸಿಗ್ನಲ್ ನೆಚ್ಚಬೇಡಿ. ಹೊರಡುವ ಮೊದಲೇ ತುರ್ತುಸೇವೆಯ 999ಕ್ಕೆ ‘ರಿಜಿಸ್ಟರ್’ ಎಂದು ಎಸ್‌ಎಂಎಸ್ ಕಳಿಸಿ ನೋಂದಾಯಿಸಿದರೆ, ಕರೆ ಹೋಗದ ಕಡೆಯೂ ಸಂದೇಶ ಹೋಗಬಹುದು. ಕರೆ ಸಿಕ್ಕರೆ ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಕೇಳಿ. ಸೀಟಿಯಾದರೆ ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಡುವು, ಮತ್ತೆ ಆರು. ದಾರಿಯ ವಿವರವನ್ನು ರೂಮ್‌ಮೇಟ್ ಕೈಗೆ ಕೊಡುವಾಗ ಮರಳುವ ಹೊತ್ತಿನ ಜೊತೆ ಇದನ್ನೂ ಬರೆಯಿರಿ: ‘ನೀರು ಏರಿದ್ದರೆ ಅಲ್ಲೇ ತಂಗುತ್ತೇನೆ, ಮರುದಿನ ಮಧ್ಯಾಹ್ನದವರೆಗೆ ಪೊಲೀಸರಿಗೆ ಹೇಳಬೇಡ.’ ಹೀಗೆ ಬರೆಯದೆ ಹೋದವರೇ, ಮನೆಯವರು ಗಾಬರಿಯಾದಾರು ಎಂಬ ಅವಸರದಲ್ಲಿ, ಕಾಯಬೇಕಾದ ಹೊಳೆಗೆ ಇಳಿಯುವುದು.